ಕೃಷ್ಣನ ಮೇಲೆ ಅತ್ತೆ ಹೂಡಿದ ದಾವೆ

ಹುಣಸೆಹಣ್ಣು ಹಾಕಿ ಹಿತ್ತಾಳೆ ತಿಕ್ಕುವಾಗ ಬರುವ ವಾಸನೆ ನಿಮಗೂ ಗೊತ್ತಿರಬೇಕು. ಈ ಬೆಳಿಗ್ಗೆ ನಾನು ಅಂಬೆಗಾಲು ಕೃಷ್ಣನ ಬೆನ್ನು ತಿಕ್ಕುತ್ತಾ ಕೂತಿದ್ದೆ. ನಾಳೆ ಮಗಳಿಗೆ ಆಪರೇಷನ್. ಕೈಗೆ ಏನಾದರೂ ಕೆಲಸ ಬೇಕಿತ್ತು. ಈ ಕೃಷ್ಣ ನನ್ನ ಸೀತತ್ತೆಯವನು. ಒಂದು ಕಾಲದಲ್ಲಿ ಶಿಕ್ಷೆ ಅನುಭವಿಸಿದ ಆಸಾಮಿ.

ಎಪ್ಪತ್ತರ ದಶಕದಲ್ಲಿ ಕಾಲೇಜು ಓದಲು ನಾನು ಯಡಿಯೂರಿನ ಈ ಸೋದರತ್ತೆ ಮನೆಯಲ್ಲಿದ್ದೆ. ಮಾವ ಕೋರ್ಟಿನಲ್ಲಿ ಗುಮಾಸ್ತರು. ಸಾರಿಗೆ ಉಪ್ಪು ಕಮ್ಮಿಯಾದರೆ "ಅಪೀಲು ಹೋಗ್ತೀನಿ ಕಣೇ" ಎನ್ನುವವರು. ದೇವರೆಂದರೆ ಅವರಿಗೆ ಅಷ್ಟಕ್ಕಷ್ಟೇ. ನನ್ನ ಭಕ್ತಿಯೂ ಪರೀಕ್ಷೆಯ ವಾರದ್ದು. ಉಳಿದ ದಿನ ನೈವೇದ್ಯದ ಗೋಡಂಬಿಯ ಮೇಲೆ. ಅತ್ತೆ ಮಾತ್ರ ದಿನಾ ಪುರಾಣ ಓದುತ್ತಿದ್ದರು, ಒಲೆ ಮೇಲೆ ಹಾಲಿಟ್ಟು ಬಂದವರ ಹಾಗೆ ಸರಸರ.

ಹಾಗಿರುವಾಗ ಮಾವನ ಗಂಟಲಿಗೆ ಆಪರೇಷನ್ ಆಗಿ ಧ್ವನಿ ಹೋಯಿತು. ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಅಷ್ಟು ಮಾತಿನ ಮನೆ ಗಪ್‌ಚಿಪ್ ಆಯಿತು. ಅತ್ತೆ ಅಳಲಿಲ್ಲ. ಕನ್ನಡಕ ಏರಿಸಿ ಪುರಾಣವನ್ನು ಮೊದಲಿಂದ, ಈ ಸಲ ನಿಧಾನವಾಗಿ ಓದತೊಡಗಿದರು. ದೇವರು ಯಾರಿಗಾದರೂ ಏನಾದರೂ ಕೊಟ್ಟಿದ್ದು ಕಂಡರೆ ಅಲ್ಲೊಂದು ಬಸ್ ಟಿಕೆಟ್ಟು ಇಡುತ್ತಿದ್ದರು.

"ಏನತ್ತೆ ಇದು?"

"ಸಾಕ್ಷಿ ಕಣೇ. ಸುಮ್ನೆ ಕೇಳಿದ್ರೆ ಕೊಡೋನಲ್ಲ ಇವನು. ಹಳೇ ತೀರ್ಪು ತೋರಿಸ್ಬೇಕು."

ಗುಮಾಸ್ತರ ಹೆಂಡತಿ, ಇನ್ನು ಹೇಗೆ ಪ್ರಾರ್ಥಿಸಿಯಾಳು ಹೇಳಿ! ಸಂಜೆ ದೀಪ ಹಚ್ಚಿದ್ದೇ ತಡ, ವಾದ ಶುರು. "ಮೊಸಳೆ ಕಾಲು ಹಿಡಿದಾಗ ಆನೆ ಕೂಗ್ತು, ಓಡ್ಬಂದೆ. ಸರಿ. ಇವರಿಗೆ ಕೂಗಕ್ಕೆ ಗಂಟಲೇ ಇಲ್ವಲ್ಲಪ್ಪ! ಅದಕ್ಕೆ ಇವರ ಪರವಾಗಿ ನಾನು ಕೂಗ್ತಿದೀನಿ. ರಾಕ್ಷಸರಿಗೆಲ್ಲ ವರ ಕೊಟ್ಟೆ, ನನ್ನ ಗಂಡಂಗೆ ಕೊಡಕ್ಕೆ ನಿಂಗೇನು ಧಾಡಿ?"

ಬಾಗಿಲ ಹಿಂದೆ ನಿಂತು ನಾನು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆ. ಒಂದು ದಿನ ನೋಡಿಕೊಂಡರೆ ನಗುತ್ತಲೇ ಕೈ ಮುಗಿದಿದ್ದೆ. ಹತ್ತಿರದಲ್ಲಿ ಯಾವ ಪರೀಕ್ಷೆಯೂ ಇರಲಿಲ್ಲ.

ಕಾರ್ತಿಕ ಬಂದರೂ ಮಾವನ ಸ್ವರ ಬರಲಿಲ್ಲ. ಅತ್ತೆಯ ತಾಳ್ಮೆ ತೀರಿತು. ಕೇಳಿದ್ದು ಕೊಡದ ದೇವರನ್ನು ನೀರಿನಲ್ಲಿ ಕೂರಿಸುವ ಪದ್ಧತಿ ನಮ್ಮ ಮನೆತನದಲ್ಲಿ ಉಂಟು. ಅತ್ತೆ ಕೃಷ್ಣನನ್ನು ಚೊಂಬಿಗಿಳಿಸಿ ತಣ್ಣೀರು ಹೊಯ್ದರು. "ಬಿದ್ದಿರು ಅಲ್ಲೇ, ಅವರು ಮಾತಾಡೋವರ್ಗೂ." ಹಾಗೆಂದವರು ಚೊಂಬಿನ ಪಕ್ಕದಲ್ಲೇ ಕುಸಿದು ಬಿಕ್ಕಿ ಬಿಕ್ಕಿ ಅತ್ತರು. ಅವತ್ತು ನನಗೆ ನಗು ಬರಲಿಲ್ಲ.

ಆಮೇಲೂ ಓದು ತಪ್ಪಲಿಲ್ಲ, ವಾದವೂ ತಪ್ಪಲಿಲ್ಲ. ಒಂದು ಬೆಳಿಗ್ಗೆ ಅತ್ತೆ ಚೊಂಬಿನ ನೀರು ಬದಲಾಯಿಸುತ್ತಿದ್ದಾಗ, ಮಫ್ಲರ್ ಸುತ್ತಿಕೊಂಡ ಮಾವ ದೇವರ ಮನೆ ಬಾಗಿಲಿಗೆ ಬಂದರು. ಎಣ್ಣೆ ಕಾಣದ ತಿರುಗಣಿಯಂಥ ಧ್ವನಿ: "ಲೇ ಸೀತೂ... ಜಾಮೀನು ಕೊಡೇ. ಮಗೂಗೆ ನೆಗಡಿಯಾಗತ್ತೆ."

ಅತ್ತೆ ಕೃಷ್ಣನನ್ನು ಎತ್ತಿ, ಸೆರಗಿನಲ್ಲಿ ಒರೆಸಿ ಎದೆಗೆ ಅವಚಿಕೊಂಡರು. ಬೈದದ್ದು ಮಾತ್ರ ಮಾವನನ್ನು. "ಇಷ್ಟು ದಿನ ಬಾಯಿ ಬಿಡಕ್ಕೆ ಏನಾಗಿತ್ತ್ರೀ ನಿಮಗೆ?"

ದೇವರು ಕೊಟ್ಟನೋ, ಗಂಟಲೇ ವಾಸಿಯಾಯಿತೋ, ನನಗೆ ಗೊತ್ತಿಲ್ಲ. ಅತ್ತೆ ಇದ್ದಿದ್ದರೆ ಹೀಗೆಂದದ್ದಕ್ಕೆ ತಲೆಗೆ ಮೊಟಕುತ್ತಿದ್ದರು.

ಈಗ ಕೃಷ್ಣ ಫಳಫಳ ಹೊಳೆಯುತ್ತಿದ್ದಾನೆ. ಅತ್ತೆಯ ಪುರಾಣ ತೆಗೆದೆ. ಆನೆಯ ಪುಟದಲ್ಲಿ ಟಿಕೆಟ್ಟು ಹಾಗೇ ಇತ್ತು. ಗಟ್ಟಿಯಾಗಿ ಓದಿದೆ. ಮುಂದಿನ ವಾದ ತೋಚಲಿಲ್ಲ. "ನಾಳೆ ಕಣಪ್ಪ. ನಂಗೆ ತುಂಬಾ ಭಯ ಆಗ್ತಿದೆ" ಎಂದಷ್ಟೇ ಅಂದೆ. ಆಮೇಲೆ ಎದ್ದು ಹೋಗಿ ಚೊಂಬು ತಂದೆ. ನೀರನ್ನು ಮಾತ್ರ ಉಗುರು ಬೆಚ್ಚಗೆ ಮಾಡಿಕೊಂಡೆ.