ಎರಡು ಹೆಸರಿನ ಪತ್ರ

ಮಂಡ್ಯಕ್ಕೆ ಬಂದ ಮೊದಲ ಭಾನುವಾರ ಚರ್ಚಿನಲ್ಲಿ ಕಂಡದ್ದನ್ನು ನಮ್ಮ ಬೆಟಗೇರಿಯಲ್ಲಿ ಹೇಳಿದರೆ ಯಾರೂ ನಂಬಲಾರರು. ಪಾದ್ರಿಗಳ ಪ್ರಸಂಗ ಮುಗಿದೊಡನೆ ಸಭೆಯ ಹಿರಿಯರಾದ ದಾನಪ್ಪನವರು ಎದ್ದು, "ಬದುಕು ಬದಲಾದೋರೆಲ್ಲ ಮುಂದುಕ್ ಬನ್ನಿ" ಎಂದರು. ಹಸುಗೂಸಿನ ತಾಯಿ, ಮದುವೆಯಾಗಿ ಎಂಟು ದಿನವಾಗಿದ್ದ ಹುಡುಗಿ, ಗಂಡನನ್ನು ಮಣ್ಣು ಮಾಡಿ ಬಂದ ಹೆಂಗಸು, ಹೊಸದಾಗಿ ಊರು ಸೇರಿದ ಗಾರೆ ಮೇಸ್ತ್ರಿ ಎಲ್ಲರೂ ಒಂದೇ ಸಾಲಿನಲ್ಲಿ ನಿಂತರು. ನಮ್ಮಲ್ಲಿ ಸಂತೋಷದ ದಿನ ಬೇರೆ, ದುಃಖದ ದಿನ ಬೇರೆ. ಇಲ್ಲಿ ಪಾದ್ರಿಗಳು ಮೈಸೂರಿನಿಂದ ಬರುವುದೇ ತಿಂಗಳ ಮೊದಲ ಭಾನುವಾರ. ಎಲ್ಲವೂ ಅಂದೇ ಆಗಬೇಕು. ಕೂತವರನ್ನು ಎಣಿಸಿದೆ: ನಲವತ್ತೊಂದು ಮಂದಿ.

ನನ್ನ ಜೇಬಿನಲ್ಲಿ ನಮ್ಮ ಬೆಟಗೇರಿ ಸಭೆಯವರು ಬರೆದುಕೊಟ್ಟ ಪತ್ರವಿತ್ತು. ಅದರಲ್ಲಿ ಎರಡು ಹೆಸರು, ನನ್ನದು ಮತ್ತು ನನ್ನ ಹೆಂಡತಿ ಸುಗುಣಳದು. ಅದನ್ನು ಕೊಟ್ಟರೆ ನಾವು ಇಲ್ಲಿಯ ಸಭೆಗೆ ಸೇರಿದಂತೆ. ಸುಗುಣಾ ತಡೆದಳು.

"ಈಗ ಕೊಡಬ್ಯಾಡ್ರಿ. ಕೊಟ್ರ ಅಲ್ಲಿ ನಮ್ಮ ಹೆಸರ ಹೊಡದ ಹಾಕ್ತಾರ. ಈ ಊರು ನನಗ ಹೊಂದತೈತೋ ಇಲ್ಲೋ ನೋಡೂಣು."

ನನಗೆ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿಗಳ ತೂಕ ಬರೆಯುವ ಕೆಲಸ. ಮನೆ ಕಾಲುವೆಯ ಪಕ್ಕ, ಸಂಜೆಯಾದರೆ ಸೊಳ್ಳೆ. ನಮ್ಮೂರ ಜೋಳ ಇಲ್ಲಿ ಅಪರೂಪ, ರಾಗಿಮುದ್ದೆಯೇ ಊಟ. ಸುಗುಣಾ ಮೊದಲ ದಿನ ಅದನ್ನು ಅಗಿಯುತ್ತ ಕೂತಿದ್ದಳು. ಪಕ್ಕದ ಮನೆಯ ಮರಿಯಮ್ಮ, ದಾನಪ್ಪನವರ ಅಕ್ಕ, ಬಾಗಿಲಲ್ಲೇ ನಿಂತು ನಕ್ಕಳು. "ನುಂಗು ಕಣವ್ವ! ಅದೇನ್ ಕಬ್ಬಾ, ಅಗಿಯಾಕೆ?"

ಮರಿಯಮ್ಮನ ಒಲೆಯ ಮುಂದೆ ಕೂತು ಸುಗುಣಾ ಮುದ್ದೆ ತಿರುವುವುದನ್ನು ಕಲಿತಳು. ಎರಡನೆಯ ತಿಂಗಳು ಅದು ಗಂಟುಗಂಟಾಗಿತ್ತು. ನಾಲ್ಕನೆಯ ತಿಂಗಳು ಗಂಟಿಲ್ಲ ಎಂದು ದಿನಚರಿಯಲ್ಲಿ ಬರೆದಿದ್ದೇನೆ. ಐದನೆಯ ತಿಂಗಳ ಮೊದಲ ಭಾನುವಾರ ಚರ್ಚಿನಿಂದ ಬರುವಾಗ ಅವಳೇ ಹೇಳಿದಳು: "ಬರೂ ತಿಂಗಳ ಪತ್ರ ಕೊಟ್ಟಬಿಡ್ರಿ."

ಮರುವಾರ ಅವಳಿಗೆ ಚಳಿಜ್ವರ ಬಂತು. ಹನ್ನೊಂದು ದಿನ. ಬುಧವಾರ ಬೆಳಿಗ್ಗೆ ಸುಗುಣಾ ತೀರಿಕೊಂಡಳು.

ಮುಂದಿನ ಮೊದಲ ಭಾನುವಾರ ಆರಾಧನೆಗೆ ಮುಂಚೆಯೇ ಪತ್ರವನ್ನು ದಾನಪ್ಪನವರ ಕೈಗೆ ಕೊಟ್ಟು, ತೀರಿಕೊಂಡವರ ಜೊತೆ ಅವಳ ಹೆಸರನ್ನೂ ಓದಿಸಿ ಎಂದೆ. ಅವರು ಪತ್ರ ಬಿಡಿಸಿ ತಾರೀಕು ನೋಡಿದರು.

"ಅಲ್ಲಿ ಕಾಗ್ದ ಬರ್ಕೊಟ್ಟ ದಿನ್ವೇ ಎಸ್ರು ಒಡ್ದಾಕಿರ್ತಾರೆ ಕಣಪ್ಪ. ಇಲ್ಲಿ ಇನ್ನೂ ಸೇರ್ಸಿಲ್ಲ. ಯಾವ ಸಭೆಯೋಳು ಅಂತ ಓದ್ಸನಾ?"

ಅದು ನಮಗೆ ತಿಳಿದಿರಲಿಲ್ಲ. ಪತ್ರವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಎರಡೂ ಊರನ್ನು ಹಿಡಿದಿದ್ದೇವೆ ಎಂದುಕೊಂಡಿದ್ದೆವು. ಅಷ್ಟೂ ತಿಂಗಳು ಯಾವ ಊರಿನ ಪುಸ್ತಕದಲ್ಲೂ ನಾವಿರಲಿಲ್ಲ.

ಮರಿಯಮ್ಮ ತಮ್ಮನ ಮೇಲೆ ಸಿಡಿದಳು. "ಏನ್ಲಾ ದಾನಪ್ಪ, ನಿನ್ ಪುಸ್ತಕ ದೊಡ್ದಾ? ನನ್ ಒಲೆ ಮುಂದೆ ಕುಂತಿದ್ದೋಳು ಕಣ್ಲಾ ಅವ್ಳು. ಮೊದ್ಲು ಸೇರ್ಸ್ಕೋ. ಆಮೇಲ್ ಕಳಿಸ್ಕೊಡು."

ಪಾದ್ರಿಗಳು ದಾನಪ್ಪನವರ ಕೈಯಿಂದ ಪತ್ರ ತೆಗೆದುಕೊಂಡರು.

ಪ್ರಸಂಗ ಮುಗಿದ ಮೇಲೆ ಸಾಲಿನಲ್ಲಿ ನಿಂತೆ. ಹೊಸಬರ ಹೆಸರು ಕರೆದು ಪಾದ್ರಿಗಳು ಬಲಗೈ ಹಿಡಿಯುವುದು ಇಲ್ಲಿಯ ಪದ್ಧತಿ. ನನ್ನ ಕೈ ಹಿಡಿದರು. "ಸುಗುಣಾ" ಎಂದಾಗ ಮರಿಯಮ್ಮ ನನ್ನ ಪಕ್ಕಕ್ಕೆ ಬಂದು ತನ್ನ ಕೈ ಚಾಚಿದಳು. ದಾನಪ್ಪನವರು ಪುಸ್ತಕದಲ್ಲಿ ಹೆಸರು ಬರೆದರು. ಶಾಯಿ ಒಣಗುವ ಮೊದಲೇ ಪಾದ್ರಿಗಳು ತೀರಿಕೊಂಡವರಲ್ಲಿ ಅದೇ ಹೆಸರನ್ನು ಓದಿದರು.

ಈಗ ಅವ್ವ ಊರಿಂದ ಬರೆಸಿದ್ದಾಳೆ: "ಕೆಲಸ ಬಿಟ್ಟ ಬಂದಬಿಡಪಾ." ಹೋಗಬೇಕೆಂದರೆ ಈ ಸಭೆಯಿಂದ ಪತ್ರ ಬರೆಸಿಕೊಳ್ಳಬೇಕು. ಅದರಲ್ಲಿ ಒಂದೇ ಹೆಸರಿರುತ್ತದೆ. ಗದಗಿಗೆ ರೈಲು ಎಷ್ಟು ಹೊತ್ತಿಗೆ, ಎಲ್ಲಿ ಬದಲಾಯಿಸಬೇಕು ಎಂದು ವಿಚಾರಿಸಿ ಬರೆದಿಟ್ಟಿದ್ದೇನೆ. ಮೂರು ತಿಂಗಳ ಮೊದಲ ಭಾನುವಾರಗಳು ಕಳೆದವು. ಪಾದ್ರಿಗಳು ಬಂದರು, ಹೋದರು. ನಾನು ಪತ್ರ ಇನ್ನೂ ಕೇಳಿಲ್ಲ.