ಕಾಕಿಯ ಕ್ಯಾಲ್ಕ್ಯುಲೇಟರ್

ಇವತ್ತು ಝೆರಾಕ್ಸ್ ಅಂಗಡಿಯೊಳಗ ಬಿಸಿಯಾದ ಮಶೀನಿನ ವಾಸನಿ ಬಂತು. ಅಣ್ಣಿಗೇರಿಯ ನಮ್ಮ ಮನಿಯ ಹಿಂದಿನ ಖೋಲಿ ಕಣ್ಮುಂದ ನಿಂತ್ಹಂಗಾತು.

ಗಣಿತದ ಮಾಸ್ತರಾಗಿದ್ದ ಕಾಕಾ, ಕಾಲೇಜಿನವರು ಗುಜರಿಗೆ ಹಾಕಿದ್ದ ಕಪಾಟಿನಷ್ಟು ದೊಡ್ಡ ಕಂಪ್ಯೂಟರನ್ನ ಅಲ್ಲಿ ತಂದಿಟ್ಟಿದ್ರು. ಕಾಕಿ ತೀರಿಕೊಂಡ ಮ್ಯಾಲೆ ಆಕಿಯ ಸಣ್ಣ ಕ್ಯಾಲ್ಕ್ಯುಲೇಟರೂ ಕೆಟ್ಟಿತು. ಅದು ಮಾಡೂ ಹಂಗ ಲೆಕ್ಕ ಮಾಡೂದನ್ನ ಕಾಕಾ ಈ ದೊಡ್ಡ ಮಶೀನಿಗೆ ಕಲಿಸಿದ್ರು. ಉತ್ತರ ಕಾಗದದ ಮ್ಯಾಲೆ ಟೈಪಾಗಿ ಬರ್ತಿತ್ತು.

ಲೆಕ್ಕಕ್ಕ ಮೊದಲು ಅಳಿಸೂ ‘ಸಿ’ ಗುಂಡಿಯನ್ನ ಎರಡು ಸಲ ಒತ್ತೂದು ಕಾಕಿಯ ಚಟ ಆಗಿತ್ತು.

ಒಂದು ಮಧ್ಯಾಹ್ನ ನಾವೆಲ್ಲಾ ಪಡಸಾಲ್ಯಾಗ ಉಣ್ಣಾಕತ್ತಿದ್ವಿ. ಖಾಲಿ ಖೋಲಿಯೊಳಗ ಮಶೀನು ಟಕಟಕ ಅಂತು. ಓಡಿ ಹೋಗಿ ನೋಡಿದ್ರ ಕಾಗದದ ಮ್ಯಾಲೆ ‘ಸಿ ಸಿ’ ಅಂತ ಬಿದ್ದಿತ್ತು.

“ಕಾಕಾ, ಇದನ್ನೂ ಕಲಿಸೀರೇನ್ರಿ?”

“ನಾ ಕಲಿಸಿಲ್ಲ, ತಂಗಿ.”

ಬಾಗಿಲದಾಗ ನಿಂತಿದ್ದ ಅಜ್ಜಿ, “ಮೊದಲು ಬಂದ್ ಮಾಡೋ ಅದನ್ನ!” ಅಂದ್ಲು.

ಕಾಕಾ ಸ್ವಿಚ್ಚಿನ ಮ್ಯಾಲೆ ಕೈ ಇಟ್ರು, ಒತ್ತಲಿಲ್ಲ. ಕುರ್ಚಿ ಎಳಕೊಂಡು ಕುಂತು ಮೆಲ್ಲಗ, “ಹೇಳು, ಏನ್ ಲೆಕ್ಕ?” ಅಂದ್ರು.

ಮಶೀನು ಮತ್ತ ಸಪ್ಪಳ ಮಾಡಲಿಲ್ಲ. ಹೊತ್ತು ಮುಳುಗಿದ ಮ್ಯಾಲೆ ಕಾಕಾ ತಾವೇ ಅದನ್ನ ಬಂದ್ ಮಾಡಿ, ಕಾಗದ ಹರಕೊಂಡು ಎದಿ ಕಿಸೆದಾಗ ಇಟ್ಕೊಂಡ್ರು.

“ಅಕ್ಕಾರ, ಎಷ್ಟು ಕಾಪಿ ಬೇಕ್ರಿ?” ಅಂತ ಅಂಗಡಿಯವ ಕೇಳಾಕತ್ತಾನ. ಬಂದ ಕೆಲಸ ಏನಂತ ನನಗ ನೆನಪಾಗವಲ್ದು.