ಗೋಲ್ಡ್ ಕಾರ್ಡೂ ಬೀಜಾಡಿಯ ಅತ್ತೆಯೂ

ನೋಡಿ ಮಾರಾಯ್ರೇ, ದಿಲ್ಲಿಯಿಂದ ಕನ್ಯಾಕುಮಾರಿಗೆ ಕಾರಿನಲ್ಲಿ ಹೊರಟಿದ್ದೇನೆ. ಒಂದೇ ಕಂಪನಿಯ ಹೋಟೆಲುಗಳಲ್ಲಿ ಹತ್ತು ರಾತ್ರಿ ತಂಗಿದರೆ ಗೋಲ್ಡ್ ಕಾರ್ಡು ಸಿಗುತ್ತದೆಂದು ದಾರಿಯನ್ನೇ ಆ ಹೋಟೆಲುಗಳಿಗೆ ತಕ್ಕಂತೆ ತಿರುಗಿಸಿದ್ದೆ. ಹತ್ತನೆಯ ರಾತ್ರಿ ನಿನ್ನೆ, ಕುಂದಾಪುರದಲ್ಲಿ. ಹೇಗೋ ಸುದ್ದಿ ಮುಟ್ಟಿ, ಅಲ್ಲೇ ಪಕ್ಕದ ಬೀಜಾಡಿಯಿಂದ ಅತ್ತೆಯ ಫೋನು ಬಂತು.

"ನಮ್ಮನಿ ಇಪ್ಪುವಾಗ ಲಾಡ್ಜ್ ಎಂತಕೆ ಮಾಣಿ?"

ಹೋಟೆಲಿನಲ್ಲಿ ಹೆಸರು ಬರೆಸಿದೆ, ಬ್ಯಾಗನ್ನು ಕೋಣೆಯಲ್ಲಿಟ್ಟೆ, ಅತ್ತೆಯ ಮನೆಗೆ ಹೋಗಿ ಉಂಡು ಮಲಗಿದೆ. ಎರಡೂ ಕಡೆ ಸಮಾಧಾನ ಎಂದುಕೊಂಡೆ. ಇವತ್ತು ಬೆಳಿಗ್ಗೆ ಹೊರಡುವಾಗ ಅತ್ತೆ ಕೇಳಿದರು, "ನಿನ್ ಬ್ಯಾಗ್ ಎಲ್ಲಿತ್ತ್?"

"ಹೋಟೆಲಲ್ಲಿ."

"ಹಂಗಾರೆ ನೀ ಉಳ್ದದ್ದ್ ಅಲ್ಲೇ. ಇಲ್ಲಿಗ್ ಬರೀ ಊಟಕ್ ಬಂದದ್ದ್."

ಮಲಗದ ಹೋಟೆಲಿನವರು ಗೋಲ್ಡ್ ಕಾರ್ಡು ಕೊಟ್ಟರು. ಮಲಗಿದ ಮನೆಯಲ್ಲಿ ಮಾತ್ರ ಆ ರಾತ್ರಿ ಲೆಕ್ಕಕ್ಕೆ ಬರಲಿಲ್ಲ.